ಮಗಳ ಕಾಲೇಜ್ ಫೀಸಿಗೆ ರಿಟೈರ್ಮೆಂಟ್ ದುಡ್ಡು ಮುರೀಲಾ, ಲೋನ್ ತಗೊಳ್ಲಾ?

ಓದುಗರ ಪ್ರಶ್ನೆ: ನಂಗೀಗ 48. ಮನೇಲಿ ನಾನು, ನನ್ ಹೆಂಡ್ತಿ ಇಬ್ರೂ ದುಡೀತೀವಿ. ಮಗಳು ಬರೋ ವರ್ಷ ಕಾಲೇಜ್ ಸೇರ್ತಾಳೆ, ನಾಲ್ಕು ವರ್ಷದ ಕೋರ್ಸು, ಅವಳ ಹಿಂದೆ ಮಗ ಇದಾನೆ. ಮಗಳ ಓದಿಗೇ ಒಟ್ಟು 10 ಲಕ್ಷ ಬೇಕಾಗ್ಬೋದು. ರಿಟೈರ್ಮೆಂಟ್‌ಗೆ ಅಂತ ಕೂಡಿಟ್ಟಿರೋದು ಹೆಚ್ಚುಕಮ್ಮಿ ಅಷ್ಟೇ ಇದೆ. ಅದನ್ನ ಮುರಿದು ಸಾಲದ ತಲೆನೋವಿಲ್ದೆ ಓದಿಸ್ಲಾ, ಇಲ್ಲ ಎಜುಕೇಶನ್ ಲೋನ್ ತಗೊಳ್ಲಾ?

ಈ ಪ್ರಶ್ನೆ ಸುಮಾರು ಜನ ಕೇಳ್ತಾರೆ, ಎಲ್ರೂ ಕೇಳೋದು ಹೀಗೇನೇ, ಇದಾ ಅದಾ ಅಂತ. ಮೊದ್ಲೇ ಹೇಳ್ಬಿಡ್ತೀನಿ, ರಿಟೈರ್ಮೆಂಟ್ ದುಡ್ಡಿಗೆ ಕೈ ಹಾಕ್ಬೇಡಿ, ಹಾಗಂತ ಪೂರ್ತಿ 10 ಲಕ್ಷನೂ ಲೋನ್ ಮಾಡ್ಬೇಡಿ. ಯಾಕಂದ್ರೆ ನಿಮ್ಮ ಲೆಕ್ಕದಲ್ಲಿ ಒಂದು ದೊಡ್ಡ ಐಟಮ್ಮೇ ಬಿಟ್ಟೋಗಿದೆ, ಮುಂದಿನ ನಾಲ್ಕು ವರ್ಷ ನಿಮ್ಮಿಬ್ರಿಗೂ ಬರೋ ಸಂಬಳ.

10 ಲಕ್ಷ ಅಂದ ತಕ್ಷಣ ಎದೆ ಧಸಕ್ ಅನ್ನುತ್ತೆ, ನಿಜ. ಆದ್ರೆ ಅಷ್ಟೂ ದುಡ್ಡನ್ನ ಯಾರೂ ಒಂದೇ ದಿನ ಕೇಳಲ್ಲ, ಸೆಮಿಸ್ಟರ್ ಲೆಕ್ಕದಲ್ಲಿ ಎಂಟು ಕಂತಲ್ಲಿ ಕೇಳ್ತಾರೆ. 48 ತಿಂಗ್ಳಿಗೆ ಹಂಚಿದ್ರೆ ತಿಂಗ್ಳಿಗೆ 21 ಸಾವಿರದ ಹತ್ರ ಬರುತ್ತೆ. ಅಷ್ಟನ್ನ ಸಂಬಳದಲ್ಲಿ ತೆಗೆಯೋಕೆ ಆಗಲ್ಲ ಅಂತೀರಾ, ಸರಿ, ಆದ್ರೆ ಇಷ್ಟು ವರ್ಷ ಮಗಳ ಸ್ಕೂಲ್ ಫೀಸು, ಟ್ಯೂಷನ್ನು, ವ್ಯಾನು ಅಂತ ಒಂದು ಮೊತ್ತ ಹೋಗ್ತಾನೇ ಇತ್ತಲ್ಲ, ಅದು ಬರೋ ವರ್ಷ ನಿಂತೋಗುತ್ತೆ. ಹೆಚ್ಚಿನ ಮನೆಗಳಲ್ಲಿ ಆ ದುಡ್ಡು ಎರಡೇ ತಿಂಗ್ಳಲ್ಲಿ ಮನೆ ಖರ್ಚಲ್ಲಿ ಕರಗೋಗುತ್ತೆ, ಎಲ್ಲಿಗೆ ಹೋಯ್ತು ಅಂತ ಕೇಳಿದ್ರೆ ಯಾರಿಗೂ ಗೊತ್ತಿರಲ್ಲ. ಅದನ್ನ ಸಂಬಳ ಬಂದ ದಿನವೇ ಬೇರೆ ಅಕೌಂಟಿಗೆ ಹೋಗೋ ಹಾಗೆ ಮಾಡಿಡಿ. ತಿಂಗ್ಳಿಗೆ 10 ಸಾವಿರ ಹಾಗೆ ಹೋದ್ರೂ ನಾಲ್ಕು ವರ್ಷಕ್ಕೆ 4 ಲಕ್ಷ 80 ಸಾವಿರ ಆಯ್ತು. ಜೊತೆಗೆ ಮಗಳ ಹೆಸ್ರಲ್ಲಿ ಅಂತ ಅಲ್ಲಿಲ್ಲಿ ಒಂದೂವರೆ ಲಕ್ಷ ಇದೆ ಅನ್ಕೊಳ್ಳಿ, ಆಗ ಲೋನ್ ಬೇಕಾಗೋದು 3 ಲಕ್ಷ 70 ಸಾವಿರಕ್ಕೆ ಮಾತ್ರ. 10 ಲಕ್ಷದ ಸಾಲಕ್ಕೂ ಇದಕ್ಕೂ ಅಜಗಜಾಂತರ.

ಇನ್ನು ರಿಟೈರ್ಮೆಂಟ್ ವಿಷ್ಯ. ಇಲ್ಲಿ ಪ್ರಾಮಾಣಿಕವಾಗಿ ಒಂದು ಮಾತು ಒಪ್ಕೋಬೇಕು, ಬರೀ ಬಡ್ಡಿ ನೋಡಿದ್ರೆ ನಿಮ್ಮ ಯೋಚನೆ ತಪ್ಪಲ್ಲ. ನಿಮ್ಮ ದುಡ್ಡು 8 ಪರ್ಸೆಂಟ್ ಬೆಳೀತಿದೆ, ಲೋನ್ ಬಡ್ಡಿ 10 ಪರ್ಸೆಂಟ್ ಅಂದ್ರೆ ಸ್ವಂತ ದುಡ್ಡು ಹಾಕೋದೇ ಅಗ್ಗ. ಪೇಪರ್ ಮೇಲೆ. ಆದ್ರೆ ಆ ಲೆಕ್ಕ ಸರಿ ಹೋಗ್ಬೇಕು ಅಂದ್ರೆ, ಲೋನ್ ಇದ್ದಿದ್ರೆ ಕಟ್ತಿದ್ದ ಇಎಂಐನಷ್ಟು ದುಡ್ಡನ್ನ ನೀವು ತಿಂಗಳು ತಿಂಗಳೂ ತಪ್ಪದೆ ರಿಟೈರ್ಮೆಂಟ್ ಖಾತೆಗೆ ವಾಪಸ್ ತುಂಬ್ಬೇಕು. ಯಾರು ತುಂಬ್ತಾರೆ ಹೇಳಿ? ಬ್ಯಾಂಕಿನವ್ರು ಫೋನ್ ಮಾಡ್ತಾರೆ ಅಂತ ಇಎಂಐ ಕಟ್ತೀವಿ, ನಮಗೆ ನಾವೇ ಕೊಡ್ಬೇಕಾದ ಸಾಲಕ್ಕೆ ಫೋನ್ ಮಾಡೋರು ಯಾರೂ ಇಲ್ಲ. 8 ಪರ್ಸೆಂಟಲ್ಲಿ ದುಡ್ಡು 9 ವರ್ಷಕ್ಕೆ ಡಬಲ್ ಆಗುತ್ತೆ (72ನ್ನ ಬಡ್ಡಿ ದರದಿಂದ ಭಾಗಿಸಿ ನೋಡಿ, ಹಳೇ ಉಪಾಯ, ಹತ್ತಿರಹತ್ತಿರ ಸರಿ ಬರುತ್ತೆ), ಹಾಗೆ 12 ವರ್ಷ, ಅಂದ್ರೆ ನಿಮ್ಗೆ 60 ಆಗೋವರ್ಗೂ ಬಿಟ್ರೆ ಈಗಿನ 10 ಲಕ್ಷ 25 ಲಕ್ಷ ಆಗಿರುತ್ತೆ. ಈಗ ತೆಗೆದ್ರೆ ಅಲ್ಲಿ ಸೊನ್ನೆ. ಓದೋಕೆ ಸಾಲ ಕೊಡ್ತಾರೆ, ಮುಪ್ಪಿಗೆ ಅಂತ ಸಾಲ ಕೇಳೋಕೆ ಹೋದ್ರೆ ಬ್ಯಾಂಕಿನವ್ರು ನಗ್ತಾರೆ. ಆಮೇಲೆ ಕೈ ಚಾಚೋದು ಅದೇ ಮಗಳ ಮುಂದೆ, ಅದೂ ಅವಳು ತನ್ನ ಮಕ್ಕಳ ಫೀಸು ಕಟ್ಟೋ ಟೈಮಲ್ಲಿ.

ಲೋನ್‌ನಲ್ಲಿ ಜನ ಎಡವೋದು ಒಂದೇ ಜಾಗದಲ್ಲಿ. "ಓದು ಮುಗಿದು ಕೆಲ್ಸ ಸಿಗೋವರ್ಗೂ ಏನೂ ಕಟ್ಟೋ ಹಾಗಿಲ್ಲ" ಅಂತ ಹೇಳ್ತಾರಲ್ಲ, ಕೇಳೋಕೆ ಹಿತವಾಗಿರುತ್ತೆ, ಆದ್ರೆ ಕಟ್ಟೋದು ಬೇಡ ಅಂದ್ರೆ ಬಡ್ಡಿ ಓಡ್ತಿಲ್ಲ ಅಂತಲ್ಲ. ವರ್ಷಕ್ಕೆ ಎರಡೂವರೆ ಲಕ್ಷದ ಹಾಗೆ ನಾಲ್ಕು ವರ್ಷ ಸಾಲ ಎತ್ತಿದ್ರಿ, ಬಡ್ಡಿ 10 ಪರ್ಸೆಂಟ್ ಅಂತಿಟ್ಕೊಳ್ಳಿ. ಓದೋವಾಗ್ಲೇ ಎರಡೂವರೆ ಲಕ್ಷ ಬಡ್ಡಿ ಏರಿರುತ್ತೆ, ಕೆಲ್ಸ ಹುಡುಕೋಕೆ ಅಂತ ಬಿಡೋ ಒಂದು ವರ್ಷದಲ್ಲಿ ಇನ್ನೊಂದು ಲಕ್ಷ. ಅಷ್ಟೂ ಅಸಲಿಗೆ ಸೇರ್ಕೊಂಡ್ರೆ ತೀರಿಸೋಕೆ ಶುರು ಮಾಡೋ ಹೊತ್ತಿಗೆ ಸಾಲ ಹದಿಮೂರೂವರೆ ಲಕ್ಷ. ಹತ್ತು ವರ್ಷದ ಇಎಂಐ 13,200 ಇರ್ಬೇಕಾದ್ದು 17,800 ಆಗುತ್ತೆ. ಅದೇ ಬಡ್ಡಿನ ಆಗಾಗ್ಲೇ ಕಟ್ಕೊಂಡು ಬಂದ್ರೆ ಕೊನೇಲಿ ಕೈಯಿಂದ ಹೋಗೋ ಒಟ್ಟು ಮೊತ್ತದಲ್ಲಿ 2 ಲಕ್ಷದಷ್ಟು ಕಮ್ಮಿ ಆಗುತ್ತೆ. ನಿಮ್ಮ 3 ಲಕ್ಷ 70 ಸಾವಿರದ ಸಾಲನೂ ಹೀಗೇ ನಾಲ್ಕು ವರ್ಷಕ್ಕೆ ಹಂಚಿ ಎತ್ತಿದ್ರೆ ಮೊದಲ್ನೇ ವರ್ಷ ಬಡ್ಡಿ ತಿಂಗ್ಳಿಗೆ ಸಾವಿರ ರೂಪಾಯಿನೂ ಬರಲ್ಲ, ಕಟ್ಬಿಡಿ.

ಎಷ್ಟು ಸಾಲ ಜಾಸ್ತಿ ಅಂತ ಅಳೆಯೋಕೆ ನಾನು ನೋಡೋದು ಇಷ್ಟೇ, ಓದು ಮುಗಿಸಿದ ಮೊದಲ್ನೇ ವರ್ಷ ಅವಳಿಗೆ ಬರ್ಬೋದಾದ ವರ್ಷದ ಸಂಬಳಕ್ಕಿಂತ ಒಟ್ಟು ಸಾಲ ಮೇಲೆ ಹೋಗ್ಬಾರ್ದು. ಅಷ್ಟೇ ಇದ್ರೆ, 10 ಪರ್ಸೆಂಟು, 10 ವರ್ಷದ ಲೆಕ್ಕದಲ್ಲಿ ಇಎಂಐ ಸಂಬಳದ 16 ಪರ್ಸೆಂಟ್ ತಿನ್ನುತ್ತೆ. ಎರಡರಷ್ಟಾದ್ರೆ 32. ಬಾಡಿಗೆ ಕಟ್ಟಿ, ಇದನ್ನೂ ಕಟ್ಟಿ, ಹುಡುಗಿ ಬದುಕ್ಬೇಕಲ್ವಾ. ಕಾಲೇಜಿನವ್ರು ಬೋರ್ಡಲ್ಲಿ ಹಾಕೋ ದೊಡ್ಡ ಸಂಬಳ ಟಾಪರ್‌ಗೆ ಸಿಕ್ಕಿದ್ದು, ಅದನ್ನ ಲೆಕ್ಕಕ್ಕೆ ತಗೋಬೇಡಿ. ಮತ್ತೆ ಲೋನ್ ಪೇಪರಲ್ಲಿ ನಿಮ್ಮ ಸೈನೂ ಇರುತ್ತೆ, ಅವಳು ಕಂತು ತಪ್ಪಿಸಿದ್ರೆ ಕ್ರೆಡಿಟ್ ಸ್ಕೋರ್ ಬೀಳೋದು ನಿಮ್ದೂ ಸೇರಿ, ಆಮೇಲೆ ಮಗನಿಗೆ ಲೋನ್ ಕೇಳೋಕೆ ಹೋದಾಗ ಅದೇ ಅಡ್ಡ ಬರುತ್ತೆ. ನಿಮ್ಮಿಬ್ರಲ್ಲಿ ಒಬ್ರಿಗೆ ಏನಾದ್ರೂ ಆದ್ರೆ ಈ ಕಂತು ಯಾರು ಕಟ್ತಾರೆ ಅನ್ನೋದಕ್ಕೂ ಉತ್ತರ ಇರ್ಲಿ, ಟರ್ಮ್ ಇನ್ಶೂರೆನ್ಸ್ ಇಲ್ಲಾಂದ್ರೆ ಲೋನ್‌ಗಿಂತ ಮೊದ್ಲು ಅದು ಮಾಡಿ.

ಈಗ ಆ 10 ಲಕ್ಷ ನಿಜವಾಗ್ಲೂ ಹತ್ತೇನಾ ನೋಡಿ. ಮೊದಲ್ನೇ ವರ್ಷದ್ದನ್ನ ನಾಲ್ಕರಿಂದ ಗುಣಿಸಿದ್ದೀರಿ ಅಂತ ನನ್ ಅಂದಾಜು, ಎಲ್ರೂ ಹಾಗೇ ಮಾಡೋದು. ವರ್ಷ ವರ್ಷ 8 ಪರ್ಸೆಂಟ್ ಏರಿದ್ರೆ ಅದು ಹನ್ನೊಂದೂಕಾಲು ಲಕ್ಷ. ಅದ್ರ ಮೇಲೆ ಪರೀಕ್ಷೆ ಫೀಸು, ಲ್ಯಾಪ್‌ಟಾಪು, ಪ್ರಾಜೆಕ್ಟು, ರಜೆಗೆ ಊರಿಗೆ ಬಂದು ಹೋಗೋ ಚಾರ್ಜು. ಒಂದು ಸಬ್ಜೆಕ್ಟ್ ಉಳ್ಕೊಂಡು ಆರು ತಿಂಗ್ಳು ಜಾಸ್ತಿ ಆದ್ರೆ ಅದೂ ಸೇರುತ್ತೆ.

ದುಡ್ಡು ಇರೋದು ಬೇರೆ, ಬೇಕಾದ ದಿನ ಕೈಗೆ ಸಿಗೋದು ಬೇರೆ. ನನ್ ಮಗನ ಅಡ್ಮಿಶನ್ ಟೈಮಲ್ಲಿ ಮೂರೇ ದಿನ ಕೊಟ್ರು, ದುಡ್ಡೆಲ್ಲ ಎಫ್‌ಡಿಲಿ ಕೂತಿತ್ತು, ಮಧ್ಯ ರಜೆ ಬೇರೆ, ಕ್ರೆಡಿಟ್ ಕಾರ್ಡ್ ಉಜ್ಜಿದೆ. ಬರೋ ತಿಂಗ್ಳು ತೀರ್ಸಿದ್ರಾಯ್ತು ಅನ್ಕೊಂಡಿದ್ದು ಐದು ತಿಂಗ್ಳು ಎಳೀತು. ತಿಂಗ್ಳಿಗೆ 3 ಪರ್ಸೆಂಟ್ ಅಂದ್ರೆ ಚಿಕ್ದಾಗಿ ಕಾಣುತ್ತೆ, ಬಡ್ಡಿ ಮೇಲೆ ಬಡ್ಡಿ ಸೇರಿ ವರ್ಷಕ್ಕೆ 42 ಪರ್ಸೆಂಟ್ ದಾಟುತ್ತೆ, ಅದನ್ನ ಲೆಕ್ಕ ಹಾಕಿದ್ದು ನಾನು ಎಲ್ಲಾ ಕಟ್ಟಿ ಮುಗಿಸಿದ್ಮೇಲೆ. ಹಾಗಾಗಿ ಮೊದಲ್ನೇ ವರ್ಷದ ದುಡ್ಡು ಸೇವಿಂಗ್ಸ್ ಅಕೌಂಟಲ್ಲೇ ಇರ್ಲಿ. ಷೇರು, ಮ್ಯೂಚುವಲ್ ಫಂಡಲ್ಲಿ ಇದ್ರೆ ಈಗ್ಲೇ ಹೊರಗೆ ತನ್ನಿ, ಇನ್ನೆರಡು ವರ್ಷಕ್ಕೆ ಬೇಕಾಗಿದ್ದನ್ನೂ. 2020ರ ಫೆಬ್ರವರಿ, ಮಾರ್ಚಲ್ಲಿ ಸುಮಾರು ಒಂದೇ ತಿಂಗ್ಳಲ್ಲಿ ದೊಡ್ಡ ದೊಡ್ಡ ಷೇರುಪೇಟೆಗಳು ಮೂರರಲ್ಲಿ ಒಂದು ಪಾಲು ಬಿದ್ದೋದ್ವು. ಆಮೇಲೆ ಎದ್ವು, ಸರಿ, ಆದ್ರೆ ಫೀಸಿನ ಕಡೇ ದಿನ ಕಾಯಲ್ವಲ್ಲ.

ಮತ್ತೆ ಮೂರರಿಂದ ಆರು ತಿಂಗ್ಳ ಮನೆ ಖರ್ಚಿನಷ್ಟು ತುರ್ತಿಗೆ ಅಂತ ಇಟ್ಟಿದ್ದೀರಲ್ಲ, ಅದನ್ನ ಫೀಸಿಗೆ ತೋರಿಸ್ಬೇಡಿ. ಇಟ್ಟಿಲ್ಲ ಅಂದ್ರೆ ಲೋನ್ ಸ್ವಲ್ಪ ಜಾಸ್ತಿ ತಗೊಂಡ್ರೂ ಪರ್ವಾಗಿಲ್ಲ, ಅದನ್ನ ಇಡಿ. ಮಗನಿಗೂ ಇದೇ ಚಮಚದಲ್ಲಿ ಬಡಿಸ್ಬೇಕು ಅನ್ನೋದು ತಲೇಲಿರ್ಲಿ, ಮಗಳಿಗೆ ಎಲ್ಲಾ ಸುರಿದು ಅವನಿಗೆ ಖಾಲಿ ಪಾತ್ರೆ ತೋರಿಸಿದ್ರೆ ಅವ್ನು ಜನ್ಮದಲ್ಲಿ ಮರೆಯಲ್ಲ.

ಕೊನೇದಾಗಿ, ಈ ಲೆಕ್ಕ ಮಗಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಮಾಡಿ. ಮಕ್ಕಳಿಗ್ಯಾಕೆ ದುಡ್ಡಿನ ಚಿಂತೆ ಅಂತ ನಾವೂ ಸುಮ್ನಿದ್ವಿ, ಎರಡನೇ ವರ್ಷಕ್ಕೆ ಒಂದು ಭಾನುವಾರ ಮಗನ ಮುಂದೆ ನೋಟ್‌ಬುಕ್ ತೆರೆದಿಟ್ವಿ, ಎಡಕ್ಕೆ ಬರೋದು, ಬಲಕ್ಕೆ ಹೋಗೋದು. ಸ್ವಲ್ಪ ಹೊತ್ತು ನೋಡ್ದ. ಆಮೇಲೆ ಹಾಸ್ಟೆಲ್ ಸಾಲಿನ ಮೇಲೆ ಬೆರಳಿಟ್ಟು, "ಅಪ್ಪಾ, ಡೆಪಾಸಿಟ್ ವಾಪಸ್ ಕೊಡ್ತಾರಲ್ಲ, ಅದನ್ನ ಎಡಗಡೆ ಬರ್ದೇ ಇಲ್ವಲ್ಲ?" ಅಂದ. ಬರ್ದಿರ್ಲಿಲ್ಲ. ರಸೀದಿ ಹುಡುಕೋಕೆ ಆವತ್ತು ಸಂಜೆವರ್ಗೂ ಬೇಕಾಯ್ತು.