ಕರಾವಳಿಯ ಸೆಕೆಯಲ್ಲಿ ಬಣ್ಣದ ಕಪ್‌ಕೇಕ್: ಕ್ರೀಮ್ ಯಾಕೆ ಇಳಿಯುತ್ತದೆ, ಬಣ್ಣ ಯಾಕೆ ಹರಡುತ್ತದೆ

ಮಂಗಳೂರಲ್ಲಿ ಬೇಕಿಂಗ್ ಕಲಿಯುವವರು ಮೊದಲು ಅಡುಗೆಮನೆಯ ತೆಂಗಿನೆಣ್ಣೆ ಬಾಟಲಿ ನೋಡಬೇಕು. ತೆಂಗಿನೆಣ್ಣೆ ಕರಗುವುದು ಸುಮಾರು 24–25 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನಮ್ಮಲ್ಲಿ ಅದು ವರ್ಷದ ಬಹುಪಾಲು ದಿನ ನೀರಾಗಿಯೇ ಇರುತ್ತದೆ, ಅಲ್ವಾ? ರೆಸಿಪಿಗಳಲ್ಲಿ "ಬೆಣ್ಣೆ ರೂಮ್ ಟೆಂಪರೇಚರ್‌ನಲ್ಲಿರಲಿ" ಎಂದು ಬರೆದಿರುತ್ತಾರೆ. ಅವರ ಲೆಕ್ಕದ ಕೋಣೆ 20 ಡಿಗ್ರಿಯ ಆಸುಪಾಸು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮದು 30 ದಾಟಿರುತ್ತದೆ. ಬೆಣ್ಣೆಯೋ 32–35 ಡಿಗ್ರಿಗೆ ಕರಗಿಯೇ ಬಿಡುತ್ತದೆ. ಮಗುವಿನ ಹುಟ್ಟುಹಬ್ಬಕ್ಕೆ ಕಪ್‌ಕೇಕ್ ಮಾಡುವಾಗ ನಮಗೆ ಬರುವ ತೊಂದರೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇಲ್ಲಿಂದಲೇ ಹುಟ್ಟುತ್ತವೆ. ಹಾಗಾಗಿ ಪಾರ್ಟಿ ಎಲ್ಲಿ, ಎಷ್ಟು ಹೊತ್ತಿಗೆ ಎಂದು ಕೇಳಿ ಮೊದಲು ಕ್ರೀಮ್ ಯಾವುದೆಂದು ನಿರ್ಧರಿಸಿ. ಕೇಕ್ ವಿಷಯ ಆಮೇಲೆ.

ಕೇಕ್

ಮೊಟ್ಟೆ ಇಲ್ಲದ್ದನ್ನೇ ಮಾಡಿ. ಪಾರ್ಟಿಗೆ ಎಲ್ಲಾ ಮನೆಯ ಮಕ್ಕಳೂ ಬರುತ್ತಾರೆ, ಯಾರು ತಿನ್ನಬಹುದು ಯಾರು ತಿನ್ನಬಾರದು ಎಂದು ತಟ್ಟೆ ಬೇರೆ ಮಾಡುವ ರಗಳೆ ಯಾಕೆ? 12 ಕಪ್‌ಕೇಕ್‌ಗೆ ಒಂದೂವರೆ ಕಪ್ ಮೈದಾ, ಮುಕ್ಕಾಲು ಕಪ್ ಸಕ್ಕರೆ, ಒಂದು ಕಪ್ ಗಟ್ಟಿ ಮೊಸರು, ಅರ್ಧ ಕಪ್ ವಾಸನೆ ಇಲ್ಲದ ಎಣ್ಣೆ, ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಅಡುಗೆ ಸೋಡಾ, ಸ್ವಲ್ಪ ವೆನಿಲ್ಲಾ. ಮೊಸರಿನ ಹುಳಿಗೆ ಸೋಡಾ ಸೇರಿದ ಕೂಡಲೇ ಗ್ಯಾಸ್ ಬಿಡಲು ಶುರುವಾಗುತ್ತದೆ. ಆದ್ದರಿಂದ ಓವನ್ ಕಾದ ಮೇಲೆಯೇ ಹಿಟ್ಟು ಕಲಸಿ, ಕಲಸಿದ ತಕ್ಷಣ ಒಳಗಿಡಿ. ಮೈದಾ ಹಾಕಿದ ಮೇಲೆ ಜಾಸ್ತಿ ತಿರುಗಿಸಿದರೆ ಹಿಟ್ಟಿನ ಅಂಟಾದ ಪ್ರೋಟೀನ್, ಅಂದರೆ ಗ್ಲುಟೆನ್, ಬಲಿತು ಕೇಕ್ ಗಟ್ಟಿಯಾಗುತ್ತದೆ.

ಪೇಪರ್ ಕಪ್ಪಿನ ಮೂರರಲ್ಲಿ ಎರಡು ಭಾಗ ತುಂಬಿದರೆ ಸಾಕು. 180 ಡಿಗ್ರಿಯಲ್ಲಿ ಸುಮಾರು 20 ನಿಮಿಷ ಎಂಬುದು ಮಾಮೂಲಿ ಲೆಕ್ಕ. ಆದರೆ ಬಿಸಿ ಜಾಸ್ತಿಯಾದರೆ ಅಂಚು ಬೇಗ ಗಟ್ಟಿಯಾಗಿ, ನಡುವಿನ ಹಿಟ್ಟು ಮೇಲಕ್ಕೆ ನುಗ್ಗಿ ಬಿರಿಯುತ್ತದೆ. ಅಲಂಕಾರಕ್ಕೆ ಸಮತಟ್ಟು ಬೇಕು. 165–170ರಲ್ಲಿ ಇಟ್ಟು ಮೂರ್ನಾಲ್ಕು ನಿಮಿಷ ಜಾಸ್ತಿ ಕೊಡುವುದು ಒಳ್ಳೆಯದು. ಬೆಂದ ಐದು ನಿಮಿಷಕ್ಕೆ ಟ್ರೇಯಿಂದ ತೆಗೆಯಿರಿ. ಅಲ್ಲೇ ಬಿಟ್ಟರೆ ಹಬೆ ಕೂತು ಪೇಪರ್ ಬಿಟ್ಟುಕೊಳ್ಳುತ್ತದೆ.

ಕ್ರೀಮ್

ಬೆಣ್ಣೆಯ ಕ್ರೀಮ್‌ಗೆ ತೂಕದಲ್ಲಿ ಒಂದು ಪಾಲು ಉಪ್ಪಿಲ್ಲದ ಬೆಣ್ಣೆಗೆ ಎರಡು ಪಾಲು ಐಸಿಂಗ್ ಸಕ್ಕರೆ. ಬೆಣ್ಣೆಯನ್ನು ಗಂಟೆಗಟ್ಟಲೆ ಹೊರಗಿಡುವ ಅಗತ್ಯ ನಮಗಿಲ್ಲ. ಬೆರಳಿಂದ ಒತ್ತಿದರೆ ಗುಳಿ ಬೀಳಬೇಕು, ಬೆರಳು ಜಾರಬಾರದು. ಮೇ ತಿಂಗಳಲ್ಲಿ ಅಷ್ಟಕ್ಕೆ ಹತ್ತು ನಿಮಿಷವೂ ಸಾಕಾದೀತು. ಬೀಟ್ ಮಾಡುವಾಗ ಹೊಳಪು ಬಂದು ಸಡಿಲವಾದರೆ ಕೊಬ್ಬು ಕರಗುತ್ತಿದೆ ಎಂದರ್ಥ. ಆಗ ಹಲವರು ಇನ್ನೂ ಸಕ್ಕರೆ ಸುರಿಯುತ್ತಾರೆ. ಅದರಿಂದ ಸಿಹಿ ಏರುತ್ತದೆ ಅಷ್ಟೇ ಮಾರಾಯ್ರೆ. ಪಾತ್ರೆಯನ್ನು ಕಾಲು ಗಂಟೆ ಫ್ರಿಜ್ಜಿನಲ್ಲಿಟ್ಟು ಮತ್ತೆ ಬೀಟ್ ಮಾಡಿ.

ಪಾರ್ಟಿ ಟೆರೇಸಿನಲ್ಲಿ, ಫ್ಯಾನ್ ಕೆಳಗೆ ಎಂದಾದರೆ ಬೆಣ್ಣೆಯ ಆಸೆ ಬಿಡಿ. ಬೇಕರಿಗಳಲ್ಲಿ ಜಾಸ್ತಿ ಬಳಸುವ ನಾನ್-ಡೈರಿ (ಹಾಲಿನ ಕೊಬ್ಬಿನ ಬದಲು ಸಸ್ಯದ ಕೊಬ್ಬಿನ) ವಿಪ್ಪಿಂಗ್ ಕ್ರೀಮ್ ಸೆಕೆಯನ್ನು ಇದಕ್ಕಿಂತ ಚೆನ್ನಾಗಿ ತಡೆಯುತ್ತದೆ. ರುಚಿಯಲ್ಲಿ ಬೆಣ್ಣೆಗೆ ಸಮ ಅಲ್ಲ, ನಿಜ. ಆದರೆ ಮಕ್ಕಳು ನೋಡುವುದು ಮೇಲಿನ ಗೋಪುರ ನಿಂತಿದೆಯಾ ಎಂದು. ಫ್ರೀಜರಿನಿಂದ ಹಿಂದಿನ ರಾತ್ರಿಯೇ ಫ್ರಿಜ್ಜಿಗೆ ಇಳಿಸಿ, ತಣ್ಣಗಿರುವಾಗಲೇ ತಣ್ಣನೆ ಪಾತ್ರೆಯಲ್ಲಿ ಬೀಟ್ ಮಾಡಿ.

ಬಣ್ಣ

ಬಣ್ಣ ನೀರಿನಂತಿದ್ದರೆ ಕ್ರೀಮ್ ಸಡಿಲವಾಗುತ್ತದೆ, ಜೆಲ್ ಬಣ್ಣ ತನ್ನಿ. ಕಡ್ಡಿಯ ತುದಿಯಲ್ಲಿ ಸ್ವಲ್ಪ ಸಾಕು. ಹತ್ತಿಪ್ಪತ್ತು ನಿಮಿಷ ಬಿಟ್ಟರೆ ಬಣ್ಣ ತಾನಾಗಿ ಏರುತ್ತದೆ, ಅವಸರದಲ್ಲಿ ಮತ್ತೆ ಮತ್ತೆ ಹಾಕಬೇಡಿ. ಬೆಣ್ಣೆ ಹಳದಿ ಇರುವುದರಿಂದ ಅದಕ್ಕೆ ನೀಲಿ ಹಾಕಿದರೆ ಹಸಿರು ಛಾಯೆ ಬರುತ್ತದೆ. ಸೂಜಿಮೊನೆಯಷ್ಟು ನೇರಳೆ ಸೇರಿಸಿದರೆ ಹಳದಿ ಅಡಗುತ್ತದೆ. ಕಡು ಕೆಂಪಿಗೆ ಬಣ್ಣ ವಿಪರೀತ ಬೇಕಾಗಿ ಕ್ರೀಮ್ ಕಹಿಯಾಗುತ್ತದೆ. ಗುಲಾಬಿಗೆ ಮಗುವನ್ನು ಒಪ್ಪಿಸಿ.

ನಮ್ಮ ದೇಶದಲ್ಲಿ ಆಹಾರಕ್ಕೆ ಅನುಮತಿ ಇರುವ ಕೃತಕ ಬಣ್ಣಗಳು 8. ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೊಯಿಸಿನ್, ಬ್ರಿಲಿಯಂಟ್ ಬ್ಲೂ ಇದರಲ್ಲಿ ಕೆಲವು. ಅವಕ್ಕೂ ಮಿತಿ ಉಂಟು. ಕಾಟನ್ ಕ್ಯಾಂಡಿಗೆ ಹಾಕುತ್ತಿದ್ದ ರೋಡಮಿನ್-ಬಿ ಬಟ್ಟೆಗೆ ಹಾಕುವ ಬಣ್ಣ; 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಅದರ ಮೇಲೆ ನಿಷೇಧ ಹೇರಿತು. ಹೆಸರಿಲ್ಲದ ಪೊಟ್ಟಣದ ಬಣ್ಣ ಬೇಡ. ಡಬ್ಬಿಯ ಮೇಲೆ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ ಸಂಖ್ಯೆ, ಬಣ್ಣದ ಹೆಸರು ಇವೆಯೇ ನೋಡಿ.

ಮನೆಯ ಬಣ್ಣ ಬೇಕೆಂದರೆ ರಸಾಯನಶಾಸ್ತ್ರ ಸ್ವಲ್ಪ ಗೊತ್ತಿರಬೇಕು. ಆರತಿ ನೀರಿಗೆ ಅರಿಶಿನದ ಜೊತೆ ಸುಣ್ಣ ಬಿದ್ದರೆ ಕೆಂಪಾಗುವುದು ಎಲ್ಲರೂ ನೋಡಿದ್ದೇ. ಸುಣ್ಣ ಕ್ಷಾರ, ಸೋಡಾವೂ ಕ್ಷಾರ. ಸೋಡಾ ಹೆಚ್ಚಿರುವ ಹಿಟ್ಟಿಗೆ ಅರಿಶಿನ ಹಾಕಿದರೆ ಹಳದಿ ಕೆಂಪಿಗೆ ತಿರುಗುವುದೂ ಅದಕ್ಕೇ. ಬೀಟ್‌ರೂಟ್ ಬಣ್ಣ ಓವನ್ನಿನ ಬಿಸಿಗೆ ಕಂದಾಗುತ್ತದೆ. ಅದನ್ನು ಹಿಟ್ಟಿಗೆ ಹಾಕದೆ ಕ್ರೀಮ್‌ಗೆ ಹಾಕಿ, ರಸವನ್ನು ಸಣ್ಣ ಉರಿಯಲ್ಲಿ ಬತ್ತಿಸಿ ಗಟ್ಟಿ ಮಾಡಿ, ಪೂರ್ತಿ ತಣಿಸಿಕೊಂಡು. ಕಾಂಪೌಂಡಿನ ಬೇಲಿಯಲ್ಲಿ ಶಂಖಪುಷ್ಪ ಇದ್ದರೆ ನೀಲಿ ಸಿಕ್ಕಿತು. ಎರಡು ಹನಿ ಲಿಂಬೆರಸ ಬಿದ್ದರೆ ಅದೇ ನೇರಳೆ.

ಅಲಂಕಾರ

ನಕ್ಷತ್ರದ ನಾಜಲ್ ಒಂದಿದ್ದರೆ ಸಾಕು. ಹೊರಗಿನಿಂದ ಒಳಕ್ಕೆ ಸುತ್ತಿದರೆ ಗೋಪುರ, ನಡುವಿನಿಂದ ಹೊರಕ್ಕೆ ಸುತ್ತಿದರೆ ಗುಲಾಬಿ. ಪೈಪಿಂಗ್ ಬ್ಯಾಗನ್ನು ಅರ್ಧ ಮಾತ್ರ ತುಂಬಿ, ಅಂಗೈ ಬಿಸಿಗೇ ಕ್ರೀಮ್ ಕರಗುತ್ತದೆ.

ಸಕ್ಕರೆ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಉಡುಪಿಯ ಗಾಳಿಯಲ್ಲಿ ಫಾಂಡಂಟ್ (ಸಕ್ಕರೆಯ ಕಣಕ) ಗೊಂಬೆ ಬೆವರಿ ಅಂಟಾಗುವುದು ಇದರಿಂದ. ಫ್ರಿಜ್ಜಿನಿಂದ ತೆಗೆದ ಕೂಡಲೇ ಮೇಲೆ ನೀರಹನಿ ಕೂರುತ್ತದಲ್ಲ, ಆಗ ಜೆಮ್ಸ್, ಸ್ಪ್ರಿಂಕಲ್ಸ್ ಎಲ್ಲವೂ ಬಣ್ಣ ಬಿಡುತ್ತವೆ. ಕಪ್‌ಕೇಕ್‌ಗಳನ್ನು ಮುಚ್ಚಳದ ಡಬ್ಬಿಯಲ್ಲೇ ಫ್ರಿಜ್ಜಿನಲ್ಲಿಡಿ. ಹೊರಗೆ ತೆಗೆದ ಮೇಲೂ ಹತ್ತು ಹದಿನೈದು ನಿಮಿಷ ಮುಚ್ಚಳ ತೆರೆಯಬೇಡಿ, ಹನಿ ಡಬ್ಬಿಯ ಮೇಲೆ ಕೂರಲಿ. ಸ್ಪ್ರಿಂಕಲ್ಸ್ ಬಟ್ಟಲನ್ನು ಪಾರ್ಟಿಯ ಮನೆಗೇ ಒಯ್ದು, ಕೇಕ್ ಕತ್ತರಿಸುವ ಹೊತ್ತಿಗೆ ಮಕ್ಕಳ ಕೈಗೇ ಕೊಟ್ಟುಬಿಡಿ. ನೆಲ ಗುಡಿಸುವ ಕೆಲಸ ಹೇಗೂ ಉಂಟು.