50+1: ಫುಟ್‌ಬಾಲ್ ಕ್ಲಬ್‌ನಲ್ಲಿ ಕೊನೆಯ ಮಾತು ಯಾರದ್ದು?

ಜರ್ಮನಿಯ ಫುಟ್‌ಬಾಲ್ ಲೀಗ್ ಬುಂಡೆಸ್‌ಲಿಗಾದ ಪಂದ್ಯಗಳನ್ನು ನೋಡುವ ಅಭ್ಯಾಸ ಇದ್ದರೆ, ಗ್ಯಾಲರಿಯಲ್ಲಿ '50+1' ಎಂದು ಬರೆದ ಉದ್ದುದ್ದ ಬ್ಯಾನರ್‌ಗಳು ನಿಮ್ಮ ಕಣ್ಣಿಗೆ ಬಿದ್ದಿರುತ್ತವೆ. ಕ್ಲಬ್ ಯಾರ ಕೈಯಲ್ಲಿರಬೇಕು ಎಂದು ಹೇಳುವ ನಿಯಮದ ಹೆಸರು ಅದು.

ನಿಯಮ ಸರಳವಾಗಿದೆ. ಕ್ಲಬ್ ತನ್ನ ವೃತ್ತಿಪರ ತಂಡವನ್ನು ಕಂಪನಿ ಮಾಡಿಕೊಳ್ಳಬಹುದು. ಹೊರಗಿನವರಿಂದ ಬಂಡವಾಳವನ್ನೂ ತರಬಹುದು. ಆದರೆ ಆ ಕಂಪನಿಯ ಮತಗಳಲ್ಲಿ ಅರ್ಧ, ಜೊತೆಗೆ ಇನ್ನೊಂದು ಮತ, ಮೂಲ ಕ್ಲಬ್ ಹತ್ತಿರವೇ ಉಳಿಯಬೇಕು. ಮೂಲ ಕ್ಲಬ್ ಎಂದರೆ ಅದರ ಸದಸ್ಯರು. ಇದಕ್ಕೆ ಒಪ್ಪದ ಕ್ಲಬ್‌ಗೆ ಜರ್ಮನಿಯ ಮೊದಲ ಎರಡು ಡಿವಿಷನ್‌ಗಳಲ್ಲಿ ಆಡುವ ಲೈಸೆನ್ಸ್ ಸಿಗುವುದಿಲ್ಲ.

ಬಹಳ ಜನ ಇದನ್ನು '51 ಪರ್ಸೆಂಟ್ ಶೇರು' ಎಂದು ತಿಳಿದುಕೊಳ್ಳುತ್ತಾರೆ. ಶೇರು ಎಷ್ಟು ಮಾರಿದರೂ ನಿಯಮ ತಲೆ ಕೆಡಿಸಿಕೊಳ್ಳುವುದಿಲ್ಲ. ಅದು ನೋಡುವುದು ಮತವನ್ನು ಮಾತ್ರ. ಬೊರುಸಿಯಾ ಡಾರ್ಟ್‌ಮಂಡ್ ಕ್ಲಬ್ 2000ದಲ್ಲಿ ಶೇರು ಮಾರುಕಟ್ಟೆಗೆ ಹೋಯಿತು. ಇವತ್ತು ಆ ಕಂಪನಿಯ ಶೇರುಗಳಲ್ಲಿ ಮೂಲ ಕ್ಲಬ್‌ನ ಪಾಲು ಶೇ 10ರಷ್ಟೂ ಇಲ್ಲ. ಆದರೂ ಕಂಪನಿಯನ್ನು ನಡೆಸುವ ಅಧಿಕಾರ ಇನ್ನೊಂದು ಚಿಕ್ಕ ಸಂಸ್ಥೆಗೆ ಸೇರಿದೆ. ಆ ಸಂಸ್ಥೆ ಪೂರ್ತಿಯಾಗಿ ಕ್ಲಬ್‌ನದ್ದೇ. ಶೇರು ಕೊಂಡವರಿಗೆ ಲಾಭದಲ್ಲಿ ಪಾಲು ಸಿಗುತ್ತದೆ, ಯಜಮಾನಿಕೆ ಸಿಗುವುದಿಲ್ಲ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳುವುದು ಕಷ್ಟವಿಲ್ಲ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಶುರುವಾದ ನಾಡು ನಮ್ಮದು. ಊರಿನ ಹಾಲಿನ ಸೊಸೈಟಿಯಲ್ಲಿ ಒಂದು ಎಮ್ಮೆ ಇದ್ದವರಿಗೂ ಒಂದು ಓಟು, ಹತ್ತು ಹಸು ಇದ್ದವರಿಗೂ ಒಂದೇ ಓಟು, ಅಲ್ವಾ? ಜರ್ಮನಿಯ ಕ್ಲಬ್‌ಗಳೂ ಹಾಗೆಯೇ ಹುಟ್ಟಿದವು. ವರ್ಷಕ್ಕಿಷ್ಟು ಎಂದು ಚಂದಾ ಕಟ್ಟಿದ ಸದಸ್ಯರು ಸಭೆ ಸೇರಿ ಅಧ್ಯಕ್ಷರನ್ನು ಆರಿಸುತ್ತಾರೆ, ಲೆಕ್ಕ ಕೇಳುತ್ತಾರೆ. ಬಯರ್ನ್ ಮ್ಯೂನಿಕ್‌ನಂಥ ದೈತ್ಯ ಕ್ಲಬ್‌ಗೂ ಇದೇ ಕ್ರಮ. ಅದರ ಸದಸ್ಯರ ಸಂಖ್ಯೆ 4 ಲಕ್ಷ ದಾಟಿದೆ. ಕಂಪನಿಯ ಮುಕ್ಕಾಲು ಪಾಲು ಕ್ಲಬ್‌ನದ್ದು. ಉಳಿದ ಕಾಲು ಪಾಲನ್ನು ಅಡಿಡಾಸ್, ಆಡಿ, ಅಲಿಯಾಂಜ್ ಸಮನಾಗಿ ಹಂಚಿಕೊಂಡಿವೆ.

1998ರವರೆಗೆ ಅಲ್ಲಿ ಹೊರಗಿನ ಮಾಲೀಕ ಎಂಬ ಮಾತೇ ಇರಲಿಲ್ಲ. ಎಲ್ಲ ಕ್ಲಬ್‌ಗಳೂ ಲಾಭದ ಉದ್ದೇಶವಿಲ್ಲದ ಸಂಘಗಳಾಗಿದ್ದವು. ಅಷ್ಟರಲ್ಲಿ ಟಿವಿ ಹಣ ಹೊಳೆಯಂತೆ ಹರಿಯತೊಡಗಿತ್ತು. 1995ರ ಬಾಸ್ಮನ್ ತೀರ್ಪಿನಿಂದ, ಕರಾರು ಮುಗಿದ ಆಟಗಾರ ಯಾರಿಗೂ ಹಣ ಕಟ್ಟಿಕೊಡದೆ ಬೇರೆ ಕ್ಲಬ್ ಸೇರಬಹುದು ಎಂದಾಯಿತು. ಸಂಬಳಗಳು ಏರಿದವು. ಬರೀ ಚಂದಾ ಹಣದಿಂದ ಇಂಗ್ಲೆಂಡ್, ಇಟಲಿ, ಸ್ಪೇನ್‌ಗಳ ಜೊತೆ ಪೈಪೋಟಿ ಮಾಡಲು ಆಗುತ್ತಿರಲಿಲ್ಲ. ಹಾಗಾಗಿ 1998ರ ಅಕ್ಟೋಬರ್ 24ರಂದು ಜರ್ಮನ್ ಫುಟ್‌ಬಾಲ್ ಸಂಸ್ಥೆ ಕಂಪನಿ ಮಾಡಲು ಬಾಗಿಲು ತೆರೆಯಿತು. ಅದೇ ಹೊತ್ತಿಗೆ 50+1 ಎಂಬ ಚಿಲಕವನ್ನೂ ಹಾಕಿತು.

ಇಂಗ್ಲೆಂಡಿನಲ್ಲೂ ಒಂದು ಚಿಲಕ ಇತ್ತು. ಕ್ಲಬ್ ಮಾಲೀಕರು ಅದರಿಂದ ಹೆಚ್ಚು ಲಾಭ ತೆಗೆಯದಂತೆ ಅಲ್ಲಿನ ಫುಟ್‌ಬಾಲ್ ಅಸೋಸಿಯೇಷನ್‌ನ 34ನೇ ನಿಯಮ ತಡೆಯುತ್ತಿತ್ತು. 1983ರಲ್ಲಿ ಟಾಟನ್‌ಹ್ಯಾಮ್ ಕ್ಲಬ್ ಮೇಲೊಂದು ಕಂಪನಿ ಕಟ್ಟಿ, ಆ ಕಂಪನಿಯನ್ನು ಶೇರು ಮಾರುಕಟ್ಟೆಗೆ ತಂದಿತು. ಕ್ಲಬ್‌ಗಿದ್ದ ನಿಯಮ ಆ ಕಂಪನಿಗೆ ತಾಗಲಿಲ್ಲ, ಕಾಗದದ ಮೇಲೆ ಹಾಗೇ ಉಳಿಯಿತು. ಆಮೇಲೆ 2003ರಲ್ಲಿ ಚೆಲ್ಸಿ ರಷ್ಯಾದ ಶ್ರೀಮಂತರೊಬ್ಬರ ಪಾಲಾಯಿತು. 2005ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಅಮೆರಿಕದ ಕುಟುಂಬವೊಂದರ ಕೈಸೇರಿತು. 2008ರಲ್ಲಿ ಮ್ಯಾಂಚೆಸ್ಟರ್ ಸಿಟಿಗೆ ಅಬುಧಾಬಿಯ ಹಣ ಬಂತು.

ಇವೆಲ್ಲ ಗೆದ್ದ ಕ್ಲಬ್‌ಗಳ ಕಥೆ. ಬರಿ ಎಂಬ ಕ್ಲಬ್‌ನದ್ದು ಬೇರೆ. 1885ರಲ್ಲಿ ಹುಟ್ಟಿದ, ಎರಡು ಸಲ ಎಫ್‌ಎ ಕಪ್ ಗೆದ್ದ ಕ್ಲಬ್ ಅದು. 2018ರ ಕೊನೆಯಲ್ಲಿ ಒಂದೇ ಒಂದು ಪೌಂಡ್‌ಗೆ ಕೈ ಬದಲಾಯಿತು. ಸಾಲ ತೀರಿಸುವ ದಾರಿ ಕಾಣದೆ 2019ರ ಆಗಸ್ಟ್‌ನಲ್ಲಿ ಲೀಗ್‌ನಿಂದಲೇ ಹೊರಬಿತ್ತು. ಗಡುವು ಮುಗಿಯುವ ದಿನ ನೂರಾರು ಅಭಿಮಾನಿಗಳು ಪೊರಕೆ, ಬಟ್ಟೆ ಹಿಡಿದು ಗಿಗ್ ಲೇನ್ ಮೈದಾನ ಸ್ವಚ್ಛ ಮಾಡುತ್ತಿದ್ದರು. ಮುಂದಿನ ಪಂದ್ಯ ನಡೆಯಬಹುದು ಎಂಬ ಆಸೆ. ರಾತ್ರಿ ಹೊತ್ತಿಗೆ ಎಲ್ಲ ಮುಗಿದಿತ್ತು. ತಲೆಮಾರುಗಳಿಂದ ಬರುತ್ತಿದ್ದ ಆ ಜನಕ್ಕೆ ಕ್ಲಬ್ ಮಾರಾಟದಲ್ಲಿ ಮಾತಾಡುವ ಹಕ್ಕು ಒಂದಿಷ್ಟೂ ಇರಲಿಲ್ಲ. 50+1 ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಬರಿ ಕಥೆಯನ್ನೇ.

ಈ ನಿಯಮಕ್ಕೂ ಆಟದ ಚೆಂದಕ್ಕೂ ಸಂಬಂಧ ಇದೆಯಾ? ಇದೆ ಎಂದೇ ನನ್ನ ನಂಬಿಕೆ. ಡಾರ್ಟ್‌ಮಂಡ್ ಮೈದಾನದ ದಕ್ಷಿಣದ ಗ್ಯಾಲರಿಯನ್ನು ನೋಡಿ. ಕುರ್ಚಿಗಳಿಲ್ಲ. ಸುಮಾರು 25,000 ಜನ ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತಾರೆ. ಎಲ್ಲರ ಮೈಮೇಲೆ ಹಳದಿ. ಕಾರ್ನರ್ ಕಿಕ್ ಸಿಕ್ಕರೆ ಕೆಳಗಿನ ಸಾಲಿನಿಂದ ಮೇಲಿನ ಸಾಲಿನವರೆಗೆ ಶಾಲುಗಳು ಏಳುತ್ತವೆ. ಚೆಂಡು ಆ ಕಡೆ ಬರುವಾಗ ಗೋಡೆಯೇ ಕೂಗಿದಂತೆ ಕೇಳುತ್ತದೆ. ಅದಕ್ಕೇ ಅದನ್ನು 'ಹಳದಿ ಗೋಡೆ' ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ 1989ರ ಹಿಲ್ಸ್‌ಬರೋ ಮೈದಾನದ ನೂಕುನುಗ್ಗಲು ದುರಂತದ ನಂತರ ದೊಡ್ಡ ಡಿವಿಷನ್‌ಗಳಲ್ಲಿ ನಿಲ್ಲುವ ಜಾಗ ಹೋಯಿತು. 97 ಜೀವ ಹೋದ ಮೇಲೆ ಅದು ಅರ್ಥವಾಗುವ ಮಾತೇ. ಆದರೆ ಕುರ್ಚಿಗಳ ಜೊತೆ ಟಿಕೆಟ್ ಬೆಲೆಯೂ ಏರಿತು, ಹುಡುಗರು ಹೊರಗುಳಿದರು. ಜರ್ಮನಿಯಲ್ಲಿ ನಿಲ್ಲುವ ಜಾಗ ಉಳಿಯಿತು. ಅಲ್ಲಿಯ ಟಿಕೆಟ್ ಇವತ್ತಿಗೂ ವಿದ್ಯಾರ್ಥಿಯ ಕೈಗೆಟುಕುವಂತಿದೆ. ಆ ಜಾಗಗಳಲ್ಲಿ ಕುರ್ಚಿ ಹಾಕಿ ಬೆಲೆ ಏರಿಸಿದರೆ ಲಾಭ ಜಾಸ್ತಿ ಎಂದು ಯಾವ ಲೆಕ್ಕಿಗರಾದರೂ ಹೇಳಬಲ್ಲರು. ಹಾಗೆ ಮಾಡಲು ಹೊರಟವರು ಮುಂದಿನ ಸಭೆಯಲ್ಲಿ ಸದಸ್ಯರ ಎದುರು ನಿಲ್ಲಬೇಕು.

ನಿಯಮ ವ್ಯಾಪಾರವನ್ನು ಹೊರಗಟ್ಟಿಲ್ಲ. ಅದೇ ಡಾರ್ಟ್‌ಮಂಡ್ ಮೈದಾನಕ್ಕೆ ಇನ್ಶೂರೆನ್ಸ್ ಕಂಪನಿಯ ಹೆಸರಿದೆ. ಬಯರ್ನ್ ತಂಡ ಕತಾರ್ ಏರ್‌ವೇಸ್ ಜೊತೆ ಒಪ್ಪಂದ ಮಾಡಿಕೊಂಡಿತ್ತು. 2021ರ ನವೆಂಬರ್ ಸಭೆಯಲ್ಲಿ ಸದಸ್ಯರು ಅದನ್ನು ಪ್ರಶ್ನಿಸಲು ಹೋದಾಗ ಮತಕ್ಕೆ ಹಾಕಲು ಬಿಡಲಿಲ್ಲ, ಸಭೆ ಗದ್ದಲದಲ್ಲಿ ಮುಗಿಯಿತು. 2023ರಲ್ಲಿ ಆ ಒಪ್ಪಂದ ಮುಂದುವರಿಯಲಿಲ್ಲ.

ನಿಯಮದಲ್ಲಿ ತೂತುಗಳೂ ಇವೆ. ಬೇಯರ್ ಔಷಧ ಕಂಪನಿಯ ಕಾರ್ಮಿಕರು 1904ರಲ್ಲಿ ಕಟ್ಟಿದ ಲೆವರ್‌ಕುಸೆನ್, ಫೋಕ್ಸ್‌ವ್ಯಾಗನ್‌ನ ವುಲ್ಫ್ಸ್‌ಬರ್ಗ್ ಎರಡಕ್ಕೂ ಮೊದಲಿನಿಂದ ವಿನಾಯಿತಿ. ಹೊಫೆನ್‌ಹೈಮ್‌ಗೆ 2015ರಲ್ಲಿ ಸಿಕ್ಕಿತು. ಬೆಂಗಳೂರಿನಲ್ಲೂ ದೊಡ್ಡ ಕಚೇರಿ ಇರುವ ಎಸ್‌ಎಪಿ ಕಂಪನಿಯ ಸಹಸಂಸ್ಥಾಪಕ ಡೀಟ್ಮಾರ್ ಹೋಪ್ ಚಿಕ್ಕಂದಿನಲ್ಲಿ ಆಡಿದ ಕ್ಲಬ್ ಅದು. ಅವರು 2023ರಲ್ಲಿ ತಮ್ಮ ಬಹುಮತವನ್ನು ಕ್ಲಬ್‌ಗೆ ವಾಪಸ್ ಕೊಟ್ಟರು. ನನಗೆ ಒಪ್ಪಿಗೆಯಾಗದ್ದು ಲೈಪ್‌ಜಿಗ್. 2009ರಲ್ಲಿ ರೆಡ್ ಬುಲ್ ಕಂಪನಿ ಐದನೇ ಡಿವಿಷನ್‌ನ ಒಂದು ಕ್ಲಬ್‌ನ ಜಾಗ ಪಡೆದು ಅದನ್ನು ಕಟ್ಟಿತು. ಕಾಗದದಲ್ಲಿ 50+1 ಸರಿಯಾಗಿದೆ. ಆದರೆ ಮತ ಹಾಕುವ ಸದಸ್ಯರು ಬೆರಳೆಣಿಕೆಯಷ್ಟು, ಹೆಚ್ಚಿನವರು ಕಂಪನಿಗೆ ಹತ್ತಿರದವರು. ಬಾಗಿಲು ಹಾಕಿಕೊಂಡ ಸಂಘಕ್ಕೆ ಬಹುಮತ ಕೊಟ್ಟು ಏನು ಪ್ರಯೋಜನ?

ಅಭಿಮಾನಿಗಳು ಈ ನಿಯಮವನ್ನು ಎಷ್ಟು ಹಚ್ಚಿಕೊಂಡಿದ್ದಾರೆ ಎಂಬುದು 2021ರ ಏಪ್ರಿಲ್‌ನಲ್ಲೇ ಗೊತ್ತಾಗಿತ್ತು. ಯುರೋಪಿನ 12 ಶ್ರೀಮಂತ ಕ್ಲಬ್‌ಗಳು ಸೇರಿ ಸೂಪರ್ ಲೀಗ್ ಎಂಬ ತಮ್ಮದೇ ಪ್ರತ್ಯೇಕ ಟೂರ್ನಿ ಘೋಷಿಸಿದಾಗ ಅದರಲ್ಲಿ ಒಂದೂ ಜರ್ಮನ್ ಕ್ಲಬ್ ಇರಲಿಲ್ಲ. 2023ರ ಡಿಸೆಂಬರ್‌ನಲ್ಲಿ ಸರದಿ ಬುಂಡೆಸ್‌ಲಿಗಾದ್ದೇ ಆಯಿತು. ಲೀಗ್‌ನ ಪ್ರಸಾರ ಆದಾಯದಲ್ಲಿ ಶೇ 8ರವರೆಗಿನ ಪಾಲನ್ನು 20 ವರ್ಷಕ್ಕೆ ಹೂಡಿಕೆದಾರರಿಗೆ ಕೊಟ್ಟು, ಸುಮಾರು 100 ಕೋಟಿ ಯೂರೋ ಪಡೆಯುವ ಯೋಜನೆ ಅದು. ಮೊದಲ ಎರಡು ಡಿವಿಷನ್‌ಗಳ 36 ಕ್ಲಬ್‌ಗಳಲ್ಲಿ 24 ಒಪ್ಪಿದವು. ಬೇಕಿದ್ದದ್ದೂ ಸರಿಯಾಗಿ 24. ಹ್ಯಾನೋವರ್‌ನ ಮೂಲ ಕ್ಲಬ್ ತನ್ನ ಪ್ರತಿನಿಧಿಗೆ 'ಬೇಡ' ಎಂದು ಮತ ಹಾಕಲು ಹೇಳಿತ್ತು. ಮತದಾನ ಗುಪ್ತವಾಗಿತ್ತು. ಆ ಮತ ಎತ್ತ ಬಿತ್ತು ಎಂಬ ಅನುಮಾನವೇ ಬೆಂಕಿಗೆ ತುಪ್ಪ ಸುರಿಯಿತು. ಸದಸ್ಯರ ಮಾತಿಗೆ ಬೆಲೆ ಇಲ್ಲದಿದ್ದರೆ 50+1 ಇದ್ದೂ ಇಲ್ಲದ ಹಾಗೆ.

ಮುಂದಿನ ವಾರಗಳಲ್ಲಿ ಪಂದ್ಯಗಳು ಮೇಲಿಂದ ಮೇಲೆ ನಿಂತವು. ಗ್ಯಾಲರಿಯಿಂದ ಟೆನಿಸ್ ಚೆಂಡುಗಳು, ನಾಣ್ಯದ ಆಕಾರದ ಚಾಕೊಲೇಟ್‌ಗಳು ಮೈದಾನಕ್ಕೆ ಬಿದ್ದವು. ಹೊಗೆ ಬಿಡುವ ರಿಮೋಟ್ ಕಂಟ್ರೋಲ್ ಕಾರುಗಳು ಪಂದ್ಯದ ನಡುವೆ ಓಡಾಡಿದವು. ಆಟಗಾರರು ಬಾಗಿ ಬಾಗಿ ಚೆಂಡು ಹೆಕ್ಕಿದರು. 2024ರ ಫೆಬ್ರುವರಿ 21ರಂದು ಲೀಗ್ ಆ ಯೋಜನೆಯನ್ನು ಕೈಬಿಟ್ಟಿತು.

ನಮ್ಮ ಬೆಂಗಳೂರು ಎಫ್‌ಸಿಯನ್ನು 2013ರಲ್ಲಿ ಕಟ್ಟಿದ್ದು ಜೆಎಸ್‌ಡಬ್ಲ್ಯು. ಕಂಠೀರವದಲ್ಲಿ ಡ್ರಮ್ ಬಡಿಯುವ ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿಗಳಿಗೆ ದನಿ ಇದೆ, ಓಟು ಇಲ್ಲ. ಭಾರತದ ಕ್ಲಬ್‌ಗಳಿಗೆ ಸದ್ಯಕ್ಕೆ ಕಂಪನಿಗಳ ಹಣವೇ ಆಸರೆ, 50+1 ಅನ್ನು ಹಾಗೇ ಎತ್ತಿ ತಂದು ಇಲ್ಲಿಡಲು ಆಗದು. ಆದರೆ ಆಡಳಿತ ಮಂಡಳಿಯಲ್ಲಿ ಅಭಿಮಾನಿಗಳಿಗೆ ಒಂದು ಕುರ್ಚಿ ಕೊಡಲು ಯಾವ ಕಷ್ಟವೂ ಇಲ್ಲ.

ಜರ್ಮನಿಯಲ್ಲಿ ಈಗ ಚರ್ಚೆ ಇನ್ನೊಂದು ಹಂತಕ್ಕೆ ಬಂದಿದೆ. ಸ್ಪರ್ಧೆಗೆ ಅಡ್ಡಿಯಾಗುವ ವ್ಯವಹಾರಗಳ ಮೇಲೆ ಕಣ್ಣಿಡುವ ಅಲ್ಲಿನ ಸರ್ಕಾರಿ ಸಂಸ್ಥೆ 2025ರಲ್ಲಿ ತನ್ನ ಅಭಿಪ್ರಾಯ ತಿಳಿಸಿತು. ನಿಯಮ ಇರಲಿ, ಆದರೆ ಎಲ್ಲರಿಗೂ ಒಂದೇ ಸಮ ಇರಲಿ, ವಿನಾಯಿತಿಗಳು ಕೊನೆಯಾಗಲಿ, ಕ್ಲಬ್‌ಗಳು ಮತದ ಹಕ್ಕಿರುವ ಹೊಸ ಸದಸ್ಯರಿಗೆ ಬಾಗಿಲು ತೆರೆದಿಡಲಿ ಎಂದು ಅದು ಕೇಳಿದೆ. ಇದನ್ನು ಜಾರಿಗೆ ತರಬೇಕಾದದ್ದು ಲೀಗ್. ಅಂದರೆ ಲೆವರ್‌ಕುಸೆನ್, ವುಲ್ಫ್ಸ್‌ಬರ್ಗ್, ಲೈಪ್‌ಜಿಗ್ ಕೂಡ ಕೂರುವ ಅದೇ 36 ಕ್ಲಬ್‌ಗಳ ಸಭೆ.