ಹಿಮದಡಿಯ ಮಂಜುಗಡ್ಡೆ ಎಷ್ಟು ತಣ್ಣಗಿರುತ್ತದೆ?

ಓದುಗರ ಪ್ರಶ್ನೆ: "ಗಾಳಿಯ ಉಷ್ಣಾಂಶವನ್ನು ಸುಲಭವಾಗಿ ಅಳೆಯಬಹುದು, ಕಡಲ ನೀರಿನ ಉಷ್ಣಾಂಶವೂ ಗೊತ್ತಿದೆ. ಹೀಗಿರುವಾಗ ಹಿಮವೂ ಸಮುದ್ರದ ಮಂಜುಗಡ್ಡೆಯೂ ಕೂಡುವ ಜಾಗದಲ್ಲಿ ಡೇಟಾ ಲಾಗರ್ (ಉಷ್ಣಾಂಶವನ್ನು ತಾನಾಗಿಯೇ ದಾಖಲಿಸುವ ಉಪಕರಣ) ಹೂತಿಡುವುದು ಏಕೆ? ಅಲ್ಲಿಯೂ ಗಾಳಿಯಷ್ಟೇ ಚಳಿ ಇರುವುದಿಲ್ಲವೇ?"

ಇರುವುದಿಲ್ಲ. ಧ್ರುವಪ್ರದೇಶದ ಅಳತೆಗಳ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ, ಪ್ರತಿ ಸಲವೂ ತುಂಡುತುಂಡಾಗಿ ಉತ್ತರಿಸುತ್ತ ಬಂದಿದ್ದೇನೆ. ಈ ಬಾರಿ ಲೆಕ್ಕಸಮೇತ ಬರೆಯುತ್ತೇನೆ. ಪ್ರಶ್ನೆಯ ಬೇರಿನಲ್ಲಿರುವುದು ಒಂದು ಹಟಮಾರಿ ನಂಬಿಕೆ: ಹಿಮ ತಣ್ಣನೆಯ ವಸ್ತು, ಆದ್ದರಿಂದ ಅದು ಹೆಚ್ಚು ಬಿದ್ದಷ್ಟೂ ಕೆಳಗಿನ ಮಂಜುಗಡ್ಡೆ ಹೆಚ್ಚು ತಣ್ಣಗಾಗಿ ಇನ್ನಷ್ಟು ದಪ್ಪವಾಗುತ್ತದೆ ಎಂಬುದು. ಚಳಿಗಾಲದಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ.

ಒಂದು ಮೀಟರ್ ದಪ್ಪದ ಮಂಜುಗಡ್ಡೆ, ಅದರ ಮೇಲೆ 30 ಸೆಂಟಿಮೀಟರ್ ಹಿಮ ಇದೆ ಎಂದುಕೊಳ್ಳಿ. ಹಿಮದ ಮೇಲ್ಮೈ ಮೈನಸ್ 30 ಡಿಗ್ರಿ ಸೆಲ್ಸಿಯಸ್‌ನಲ್ಲಿದೆ. ಮಂಜುಗಡ್ಡೆಯ ತಳ ಕಡಲ ನೀರಿಗೆ ತಾಗಿರುವುದರಿಂದ ಅದು ಎಂದಿಗೂ ಮೈನಸ್ 1.8ರ ಆಸುಪಾಸಿನಲ್ಲೇ ಇರುತ್ತದೆ. ಮಂಜುಗಡ್ಡೆಯ ಉಷ್ಣವಾಹಕತೆ ಸುಮಾರು 2 (ಮೀಟರಿಗೆ, ಪ್ರತಿ ಡಿಗ್ರಿಗೆ ಇಷ್ಟು ವ್ಯಾಟ್ ಎಂಬ ಲೆಕ್ಕದಲ್ಲಿ). ನಡುವೆ ಗಾಳಿಯನ್ನು ಹಿಡಿದಿಟ್ಟುಕೊಂಡ ಹಿಮದ್ದು ಸುಮಾರು 0.3 ಮಾತ್ರ. ಹಾಗಾಗಿ 30 ಸೆಂಟಿಮೀಟರ್ ಹಿಮವು ಒಂದು ಮೀಟರ್ ಮಂಜುಗಡ್ಡೆಗಿಂತ ಎರಡು ಪಟ್ಟು ಹೆಚ್ಚಾಗಿ ಶಾಖವನ್ನು ತಡೆಯುತ್ತದೆ. ಒಟ್ಟು 28 ಡಿಗ್ರಿಯ ವ್ಯತ್ಯಾಸದಲ್ಲಿ ಮೂರರಲ್ಲಿ ಎರಡು ಪಾಲು ಹಿಮದೊಳಗೇ ಮುಗಿದುಹೋಗಿ, ಎರಡೂ ಕೂಡುವ ಜಾಗದ ಉಷ್ಣಾಂಶ ಸುಮಾರು ಮೈನಸ್ 11ಕ್ಕೆ ನಿಲ್ಲುತ್ತದೆ. ಮೇಲೆ ಮೈನಸ್ 30, ಮೊಣಕೈಯುದ್ದ ಕೆಳಗೆ ಮೈನಸ್ 11.

ಮಂಜುಗಡ್ಡೆ ದಪ್ಪವಾಗಬೇಕಾದರೆ ತಳದಲ್ಲಿ ನೀರು ಹೆಪ್ಪುಗಟ್ಟುವಾಗ ಬಿಡುಗಡೆಯಾಗುವ ಶಾಖ ಮೇಲಕ್ಕೆ ಹರಿದುಹೋಗಬೇಕು. ಬರಿಯ ಮಂಜುಗಡ್ಡೆಯಾಗಿದ್ದು, ಅದರ ಮೈಯೇ ಮೈನಸ್ 30ರಲ್ಲಿದ್ದರೆ, ಪ್ರತಿ ಚದರ ಮೀಟರಿನಿಂದ ಸುಮಾರು 56 ವ್ಯಾಟ್ ಹೊರಹೋಗಿ ದಿನಕ್ಕೆ ಹೆಚ್ಚುಕಡಿಮೆ 18 ಮಿಲಿಮೀಟರ್ ಹೊಸ ಮಂಜುಗಡ್ಡೆ ಕಟ್ಟುತ್ತದೆ. ಹಿಮ ಹೊದ್ದುಕೊಂಡಾಗ ಹೊರಹೋಗುವುದು 19 ವ್ಯಾಟ್, ಕಟ್ಟುವುದು 6 ಮಿಲಿಮೀಟರ್. ಹಿಮ ಬೆಳವಣಿಗೆಯನ್ನು ಮೂರನೇ ಒಂದಕ್ಕೆ ಇಳಿಸಿತು.

ಇಷ್ಟು ಹೇಳಿದ ಮೇಲೂ ಬರುವ ಮರುವಾದವೊಂದಿದೆ: "ಕಂಬಳಿ ಹೊದ್ದ ಕಲ್ಲೂ ಕೊನೆಗೆ ತಣ್ಣಗಾಗುತ್ತದೆ, ಹಾಗೆಯೇ ನಾಲ್ಕು ದಿನ ಬಿಟ್ಟರೆ ಚಳಿ ಕೆಳಗಿಳಿಯಲೇಬೇಕು." ಕಲ್ಲಿಗೆ ಈ ಮಾತು ಸರಿ, ಏಕೆಂದರೆ ಕಲ್ಲಿನೊಳಗೆ ಶಾಖ ಹುಟ್ಟುವುದಿಲ್ಲ. ಇಲ್ಲಿಯಾದರೋ ತಳದಲ್ಲಿ ನೀರು ಹೆಪ್ಪುಗಟ್ಟುತ್ತ ಬಿಡುವಿಲ್ಲದೆ ಶಾಖ ಒದಗಿಸುತ್ತಿರುತ್ತದೆ. ಎಷ್ಟೇ ದಿನ ಕಾದರೂ, ಮಂಜುಗಡ್ಡೆ ಮತ್ತು ಹಿಮದ ದಪ್ಪ ಬದಲಾಗದ ಹೊರತು ಮೈನಸ್ 11 ಎಂಬುದು ಮೈನಸ್ 30 ಆಗುವುದಿಲ್ಲ. ಲಾಗರ್ ದಾಖಲೆಯನ್ನು ಗಾಳಿಯ ದಾಖಲೆಯ ಪಕ್ಕದಲ್ಲಿಟ್ಟು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ: ಮೇಲಿನ ಗೆರೆ ದಿನಬೆಳಗಾದರೆ ಏರಿಳಿಯುತ್ತಿದ್ದರೆ, ಕೆಳಗಿನ ಗೆರೆ ತಡವಾಗಿ, ನಿಧಾನವಾಗಿ, ತುಸುವೇ ಬಾಗುತ್ತದೆ.

ಲೆಕ್ಕದಿಂದಲೇ ಉತ್ತರ ಬರುವುದಾದರೆ ಲಾಗರ್ ಏಕೆ ಬೇಕು? ಆ 0.3 ಎಂಬ ಅಂಕಿಯನ್ನು ಎಲ್ಲೆಡೆ ನೆಚ್ಚಿಕೊಳ್ಳುವಂತಿಲ್ಲವಾದ್ದರಿಂದ. ಹೊಸದಾಗಿ ಬಿದ್ದ ಸಡಿಲ ಹಿಮದಲ್ಲಿ ಅದು ಬಹಳ ಕಡಿಮೆ, ಗಾಳಿಯ ಹೊಡೆತಕ್ಕೆ ಗಟ್ಟಿಯಾದ ಪದರದಲ್ಲಿ ಹೆಚ್ಚು. ಹಿಮದ ದಪ್ಪವೂ ಹತ್ತು ಹೆಜ್ಜೆಯೊಳಗೆ ಬದಲಾಗುತ್ತದೆ. ನಾಣ್ಯದಂತಹ, 17 ಮಿಲಿಮೀಟರ್ ವ್ಯಾಸದ ಐಬಟನ್ ಲಾಗರ್‌ಗಳು ಈ ಕೆಲಸಕ್ಕೆ ಒದಗುತ್ತವೆ. ಅವುಗಳಲ್ಲೊಂದು ಬಗೆಯದು ಮೈನಸ್ 40ರ ವರೆಗೆ ಅಳೆಯುತ್ತದೆ, ಸೂಕ್ಷ್ಮ ಅಳತೆಯಲ್ಲಿ 4096 ದಾಖಲೆಗಳನ್ನು ಹಿಡಿದಿಡುತ್ತದೆ. ಗಂಟೆಗೊಂದರಂತೆ ದಾಖಲಿಸಿದರೆ ಸುಮಾರು 170 ದಿನ ಸಾಕಾಗುತ್ತದೆ. ಹೂಳುವ ಮುನ್ನ ಎಲ್ಲವನ್ನೂ ಕರಗುತ್ತಿರುವ ಮಂಜುಗಡ್ಡೆಯ ನೀರಿನಲ್ಲಿಟ್ಟು, ಸೊನ್ನೆ ಡಿಗ್ರಿಯಿಂದ ಪ್ರತಿಯೊಂದೂ ಎಷ್ಟು ತಪ್ಪುತ್ತದೆ ಎಂದು ಬರೆದಿಟ್ಟುಕೊಳ್ಳಲೇಬೇಕು. ಲೋಹದ ಕಂಬಕ್ಕೆ ಕಟ್ಟಬಾರದು, ಅದು ಮೇಲಿನ ಚಳಿಯನ್ನು ನೇರವಾಗಿ ಕೆಳಕ್ಕೆ ಒಯ್ಯುತ್ತದೆ. ಹಿಮದಲ್ಲಿ ತೋಡಿದ ಗುಂಡಿಯ ಪಕ್ಕದ ಗೋಡೆಯಿಂದ ಅಡ್ಡಲಾಗಿ ತೂರಿಸಿದರೆ ಲಾಗರ್‌ನ ನೆತ್ತಿಯ ಮೇಲಿನ ಹಿಮ ಕದಡದೆ ಉಳಿಯುತ್ತದೆ. ವಸಂತದಲ್ಲಿ ತೆಳು ಹಿಮವನ್ನು ದಾಟಿ ಬರುವ ಬಿಸಿಲು ಗಾಢ ಬಣ್ಣದ ಸೆನ್ಸರನ್ನು ಕಾಯಿಸುವುದರಿಂದ ಅದಕ್ಕೆ ಬಿಳಿ ಬಣ್ಣವೇ ಇರಬೇಕು.

ಯಾರೂ ಕೇಳದ, ಆದರೆ ಕೇಳಬೇಕಾಗಿದ್ದ ಪ್ರಶ್ನೆಯೊಂದಿದೆ: ಹೂತಿಟ್ಟ ಲಾಗರ್ ಕೊನೆಯವರೆಗೂ ಹಿಮ-ಮಂಜುಗಡ್ಡೆ ಕೂಡುವ ಆ ಸಂಧಿಯಲ್ಲೇ ಇರುತ್ತದೆಯೇ? ನಮ್ಮ ಉದಾಹರಣೆಯನ್ನೇ ನೋಡಿ. ಸಾಮಾನ್ಯ ಸಾಂದ್ರತೆಯ ಹಿಮವು ಮಂಜುಗಡ್ಡೆಯ ದಪ್ಪದ ಮೂರನೇ ಒಂದನ್ನು ಮೀರಿದರೆ, ಅದರ ಭಾರಕ್ಕೆ ಮಂಜುಗಡ್ಡೆಯ ಮೇಲ್ಮೈ ನೀರಿನ ಮಟ್ಟಕ್ಕಿಂತ ಕೆಳಗಿಳಿಯುತ್ತದೆ. ಒಂದು ಮೀಟರಿನ ಮೇಲೆ 30 ಸೆಂಟಿಮೀಟರ್ ಎಂದರೆ ಆ ಅಂಚಿಗೆ ಬಂದಂತೆಯೇ. ಅಂಟಾರ್ಕ್ಟಿಕದ ಕಡಲಿನಲ್ಲಿ ಇದು ವ್ಯಾಪಕವಾಗಿ ನಡೆಯುತ್ತದೆ: ಬಿರುಕುಗಳಿಂದ ಉಪ್ಪುನೀರು ಹಿಮದ ತಳಕ್ಕೆ ನುಗ್ಗುತ್ತದೆ, ಲಾಗರ್‌ನ ಗೆರೆ ಮೈನಸ್ 2ರ ಆಸುಪಾಸಿಗೆ ಹಠಾತ್ತಾಗಿ ಜಿಗಿದು, ಉಪ್ಪುನೀರು ಮತ್ತು ಹಿಮ ಬೆರೆತ ಆ ಕೆಸರು ಹೆಪ್ಪುಗಟ್ಟಿ ಮುಗಿಯುವವರೆಗೆ ಅದರ ಹತ್ತಿರವೇ ನಿಂತಿರುತ್ತದೆ. ಗಟ್ಟಿಯಾದ ಮೇಲೆ ಲಾಗರ್ ಇರುವುದು ಮಂಜುಗಡ್ಡೆಯ ಒಳಗೆ. ಸಂಧಿ ಅದಕ್ಕಿಂತ ಮೇಲಕ್ಕೆ ಸರಿದಿರುತ್ತದೆ. ಆ ಬಳಿಕದ ಅಂಕಿಗಳನ್ನು ಸಂಧಿಯ ಉಷ್ಣಾಂಶವೆಂದು ಬಳಸುವುದು ತಪ್ಪು.

ಈ ಕಾರಣಕ್ಕಾಗಿಯೇ 2 ಸೆಂಟಿಮೀಟರಿಗೊಂದು ಸೆನ್ಸರ್ ಇರುವ ಉದ್ದನೆಯ ಸರಪಳಿಗಳನ್ನು ನಾನು ಮೆಚ್ಚುತ್ತೇನೆ. 2019-20ರಲ್ಲಿ ಪೋಲಾರ್‌ಸ್ಟರ್ನ್ ಹಡಗು ಆರ್ಕ್ಟಿಕ್ ಮಂಜುಗಡ್ಡೆಯೊಂದಿಗೆ ತೇಲಿದ ಮೊಸಾಯಿಕ್ ಯಾನದಲ್ಲೂ ಇಂಥವನ್ನು ನೆಟ್ಟಿದ್ದರು. ಪ್ರತಿ ಸೆನ್ಸರ್‌ನ ಬಳಿಯ ಪುಟ್ಟ ರೋಧಕಕ್ಕೆ ಸ್ವಲ್ಪ ಹೊತ್ತು ವಿದ್ಯುತ್ ಹರಿಸಿದರೆ, ಗಾಳಿ ಮತ್ತು ಹಿಮದಲ್ಲಿರುವವು ಹೆಚ್ಚು ಬಿಸಿಯಾಗುತ್ತವೆ, ಮಂಜುಗಡ್ಡೆ ಮತ್ತು ನೀರಿನಲ್ಲಿರುವವು ತೀರ ಕಡಿಮೆ. ಆ ವ್ಯತ್ಯಾಸ ಯಾವ ಸೆನ್ಸರ್ ಬಳಿ ಕಾಣುತ್ತದೆಯೋ, ಅಂದಿನ ಸಂಧಿ ಅಲ್ಲಿದೆ.